ಮುಳ್ಳು ಕೂರಿಸುವ ದಾಕ್ಷಾಯಿಣಿ

ಶಿರಸಿಯ ಬನವಾಸಿ ರಸ್ತೆಯಲ್ಲಿ ಟೈರಿನ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ದಾಕ್ಷಾಯಿಣಿಯ ಅಂಗಡಿ ಇದೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಎಂದಷ್ಟೇ ಬೋರ್ಡಿನಲ್ಲಿ ಬರೆಸಿದ್ದಾಳೆ. ಗ್ರಾಮಫೋನಿನಂತೆ ಹಾಡಿನ ಪ್ಲೇಟು ಹಚ್ಚುವ ಪ್ಲೇಯರುಗಳ ಹೆಸರು ಅದರಲ್ಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೇರಿದರೆ ಅಂಥ ಪ್ಲೇಯರ್ ಇರುವ ಮನೆಗಳು ಮೂವತ್ತೋ ನಲವತ್ತೋ. ಆ ಮನೆಗಳವರಿಗೆಲ್ಲ ಅವಳು ಬೋರ್ಡಿಲ್ಲದೆಯೇ ಗೊತ್ತು.

ನಾನು ಸಿದ್ದಾಪುರದಿಂದ ನಮ್ಮಪ್ಪನ ಹಳೆಯ ಪ್ಲೇಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವಳ ಹತ್ತಿರ ಹೋದಾಗ ಅವಳಿಗೆ ಐವತ್ತೆರಡು ವರ್ಷ. ಎಡಗಣ್ಣು ಮೆಳ್ಳೆ. ಮಾತಾಡುವಾಗ ಅದು ಎದುರಿದ್ದವರನ್ನು ಬಿಟ್ಟು ಬಾಗಿಲ ಕಡೆ ನೋಡುತ್ತದೆ. ಮೊದಲ ಸಲ ಹೋದವರು ಹಿಂದೆ ಯಾರು ಬಂದರು ಎಂದು ತಿರುಗಿ ನೋಡುವುದುಂಟು. ನಾನೂ ತಿರುಗಿ ನೋಡಿದೆ. ಅವಳು ಅದನ್ನು ಗಮನಿಸಿಯೂ ಗಮನಿಸದಂತೆ ಸ್ಕ್ರೂ ಬಿಚ್ಚತೊಡಗಿದಳು.

ಆಮೇಲೆ ಎರಡು ವರ್ಷ ಹೋಗಿ ಬಂದು ಮಾಡಿದೆ. ಕೆಳಗಿನದನ್ನೆಲ್ಲ ಅವಳೇ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಕೆಲವು ಸಂಗತಿಗಳನ್ನು, ಕಣ್ಣಾರೆ ಕಂಡಿದ್ದ ಮಂಚಿಕೇರಿಯ ನಾಗಪತಿ ಮಾಸ್ತರರಿಂದ ಕೇಳಿ ಖಾತ್ರಿ ಮಾಡಿಕೊಂಡೆ. ಅವಳು ಮಾಡಿದ್ದು ಸರಿ ಎಂದು ಹೇಳಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಸರಿ ಎಂದು ಅವಳೂ ಹೇಳಿಲ್ಲ.

ಅವಳ ಊರು ದಾಸನಕೊಪ್ಪ. ಅಪ್ಪ ಚನ್ನಬಸವ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಒಬ್ಬಳೇ ಮಗಳು. ಶಾಲೆಯಲ್ಲಿ ಹುಡುಗರು ‘ಏ ಎರಡೂರು’ ಎಂದು ಕರೆಯುತ್ತಿದ್ದರಂತೆ, ಒಂದು ಕಣ್ಣು ಒಂದೂರಿಗೆ, ಇನ್ನೊಂದು ಇನ್ನೊಂದೂರಿಗೆ ಎಂಬ ಅರ್ಥದಲ್ಲಿ. ಅತ್ತುಕೊಂಡು ಬಂದವಳನ್ನು ಅಪ್ಪ ಸಮಾಧಾನ ಮಾಡುವವನಲ್ಲ. ಕೈಗೆ ಭೂತಗನ್ನಡಿ ಕೊಟ್ಟು, “ಒಂದು ಕಣ್ಣು ಮುಚ್ಚು. ಈಗ ನೋಡು. ಈ ಕೆಲಸಕ್ಕ ಯಾರಿಗೂ ಎರಡು ಕಣ್ಣು ಬೇಕಾಗಂಗಿಲ್ಲ” ಎಂದ. ಅಲ್ಲಿಂದ ಅವಳು ಆ ಕೆಲಸ ಹಿಡಿದಳು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹಾನಗಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ಅವಲಕ್ಕಿ ತಿಂದು, ಚಹಾ ಕುಡಿದು, ಎದ್ದು ನಿಂತು, “ಹುಡುಗಿ ನಮ್ಮನ್ನ ನೋಡಾಕತ್ತಾಳೋ ಗೋಡಿ ನೋಡಾಕತ್ತಾಳೋ ತಿಳೀಲಿಲ್ಲ ನೋಡ್ರಿ” ಎಂದು ಎಲ್ಲರೆದುರು ನಕ್ಕಳು. ಅಪ್ಪ ಆಮೇಲೆ ಯಾರನ್ನೂ ಕರೆಸಲಿಲ್ಲ. ಅವಳೂ ಕರೆಸಿ ಎನ್ನಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಶಿರಸಿಗೆ ಬಂದಳು.

ಪ್ಲೇಯರಿನಲ್ಲಿ ಅವಳ ಕೈಚಳಕ ಮುಳ್ಳು ಕೂರಿಸುವುದರಲ್ಲಿ. ಪ್ಲೇಯರಿನ ಕೈಯ ತುದಿಗೆ ಎರಡು ಸಣ್ಣ ಸ್ಕ್ರೂಗಳಿಂದ ಕಾರ್ಟ್ರಿಜ್ ಎಂಬ ಪುಟ್ಟ ಪೆಟ್ಟಿಗೆಯನ್ನು ಬಿಗಿದಿರುತ್ತಾರೆ. ಅದರ ಅಡಿಯಲ್ಲಿ ವಜ್ರದ ಮುಳ್ಳು. ಪೆಟ್ಟಿಗೆ ಒಂದು ಕೂದಲೆಳೆಯಷ್ಟು ಹಿಂದೆ ಮುಂದೆ ಆದರೆ, ತುಸು ಓರೆಯಾದರೆ, ಮುಳ್ಳು ಪ್ಲೇಟಿನ ಗೆರೆಯಲ್ಲಿ ಸೊಟ್ಟಗೆ ಓಡುತ್ತದೆ. ಹಾಡಿನ ಕೊನೆಕೊನೆಗೆ ದನಿ ಒಡೆಯುತ್ತದೆ. ಭಾರ ಹೆಚ್ಚಾದರಂತೂ ಗೆರೆಯೇ ಸವೆಯುತ್ತದೆ. ಇದನ್ನು ಸರಿ ಮಾಡಲು ಅಳತೆಯ ಸಾಧನ ಬೇಕು, ಮತ್ತು ಯಾವ ಸಾಧನ ಎಂಬುದರಲ್ಲಿ ಅವಳು ಬಹಳ ಹಠಮಾರಿ.

“ಮೊದಲ ಎಲ್ಲಾರೂ ಕಾಗದದ ಅಳತೀಪಟ್ಟಿನ ತರ್ತಾರ್ರಿ,” ಎಂದಳು ನನಗೆ. “ಇಂಟರ್ನೆಟ್ಟಿನ್ಯಾಗ ಪುಕ್ಕಟೆ ಸಿಗತೈತಿ. ಝೆರಾಕ್ಸ್ ಅಂಗಡಿಯಂವ ಹಾಳಿಗೆ ಹೊಂದ್ಲಿ ಅಂತ ಒಂದೀಟು ಸಣ್ಣ ಮಾಡಿ ತೆಗೀತಾನ. ನೂರು ಮಿಲಿಮೀಟರಿನ ಗೆರಿ ತೊಂಬತ್ತೇಳು ಆಗಿರತೈತಿ. ಯಾರೂ ಸ್ಕೇಲ್ ಇಟ್ಟು ನೋಡಂಗಿಲ್ಲ. ಸುಳ್ಳು ಅಳತೀಗೆ ನೆಟ್ಟಗ ಕೂಡಿಸಿ, ಮುಳ್ಳು ಸರಿ ಇಲ್ಲ ಅಂತ ನನ್ನ ಬೈತಾರ.”

ಅವಳು ನೆಚ್ಚಿಕೊಂಡದ್ದು ಕನ್ನಡಿ. ತೆಳ್ಳಗಿನ ಕನ್ನಡಿಯ ತುಂಡಿಗೆ, ಪ್ಲೇಟು ಸಿಕ್ಕಿಸುವ ಪ್ಲೇಯರಿನ ನಡುಗಡ್ಡಿ ಹೋಗುವಷ್ಟು ತೂತು ಕೊರೆದು, ಹೊಲಿಗೆಸೂಜಿಯಿಂದ ಬೆನ್ನಿನ ಬೆಳ್ಳಿಬಣ್ಣ ಕೆರೆದು ಗೆರೆಗಳನ್ನು ಎಳೆದಿದ್ದಳು. ಮುಳ್ಳನ್ನು ಕನ್ನಡಿಯ ಮೇಲಿಟ್ಟು ಮೇಲಿನಿಂದ ನೋಡಿದರೆ ಪೆಟ್ಟಿಗೆಯೂ ಅದರ ಬಿಂಬವೂ ಒಂದರಡಿ ಒಂದು ಕೂರಬೇಕು. ಕಣ್ಣು ತುಸು ಆಚೀಚೆ ಇದ್ದರೂ ಬಿಂಬ ಚಾಡಿ ಹೇಳುತ್ತದೆ. ಅದನ್ನು ಮಾಡಲು ಮೂರು ವಾರ ಹಿಡಿದಿತ್ತು. ಮೊದಲ ನಾಲ್ಕು ಕನ್ನಡಿಗಳು ತೂತು ಕೊರೆಯುವಾಗಲೇ ಒಡೆದಿದ್ದವು. ಇದರ ಜೊತೆಗೆ ಒಂದು ಭೂತಗನ್ನಡಿ, ಮತ್ತು ಭಾರ ನೋಡಲು ಅಕ್ಕಸಾಲಿಗನೊಬ್ಬ ಕೊಟ್ಟಿದ್ದ ಗ್ರಾಮಿನ ತೂಕದ ಬೊಟ್ಟುಗಳು. ಇಷ್ಟೇ ಅವಳ ಚೀಲ. ಹಗಲಿನ ಬೆಳಕಿನಲ್ಲೇ ಕೂರಿಸುತ್ತಿದ್ದಳು, ಟಾರ್ಚು ಹಿಡಿದರೆ ನೆರಳು ಮೋಸ ಮಾಡುತ್ತದೆಂದು.

ಶಿರಸಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ಲೇಟು ಇದ್ದದ್ದು ಪರಮೇಶ್ವರಪ್ಪ ಸಾವಕಾರರ ಮನೆಯಲ್ಲಿ. ಬಟ್ಟೆಯ ವ್ಯಾಪಾರದಿಂದ ನಿವೃತ್ತರು, ಎಪ್ಪತ್ತರ ಹತ್ತಿರದವರು. ಒಂಬೈನೂರು ಪ್ಲೇಟುಗಳನ್ನು ತೇಗದ ಕಪಾಟಿನಲ್ಲಿ ಜೋಡಿಸಿದ್ದರು. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಸೇರುವರು. ಉಪ್ಪಿಟ್ಟು, ಚಹಾ, ಹಾಡು. ದಾಕ್ಷಾಯಿಣಿ ಆರು ವರ್ಷ ಅವರ ಪ್ಲೇಯರನ್ನು ನೋಡಿಕೊಂಡಿದ್ದಳು. ಅವರು ಹಾಡು ಬಲ್ಲವರು. ಜನರೊಡನೆ ಮಾತ್ರ ಕ್ರೂರಿ. ಅದೂ ನಗಿಸುತ್ತ ಕ್ರೂರಿ, ಹಾಗಾಗಿ ಎದುರು ಮಾತಾಡುವವರು ಇರಲಿಲ್ಲ. ಅವಳು ಬಂದಾಗಲೆಲ್ಲ, “ಬಂದಳಪಾ ನಮ್ಮ ಮಿಸ್ತ್ರಿಬಾಯಿ, ನೋಡ್ರಿ, ಎಲ್ಲಾರನ್ನೂ ಒಮ್ಮೆಲೆ ನೋಡ್ತಾಳ” ಎನ್ನುವರು. ಜನ ನಗುವರು. ಅವಳು ತಗ್ಗಿಸಿದ ತಲೆ ಎತ್ತದೆ ಕೆಲಸ ಮುಗಿಸುವಳು.

ಆ ಮನೆಯಲ್ಲಿ ಅವಳನ್ನು ಮನುಷ್ಯಳಂತೆ ಮಾತಾಡಿಸುತ್ತಿದ್ದವರು ಅವರ ಹೆಂಡತಿ ಗಂಗಾಂಬಿಕಾ. ಒಳಗೆ ಕರೆದು, “ಉಂಡ ಹೋಗವಾ” ಎಂದು ಬಡಿಸುತ್ತಿದ್ದರು. ಹುಡುಗಿಯಾಗಿದ್ದಾಗ ಅವರು ಧಾರವಾಡದಲ್ಲಿ ಹಾಡು ಕಲಿತವರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಸಣ್ಣ ಕಂಪನಿ ಅವರ ದನಿಯ ಪ್ಲೇಟು ತಂದಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಒಂದು ಬದಿ ವಚನ, ಇನ್ನೊಂದು ಬದಿ ತತ್ವಪದ. ಮೂರು ತಿಂಗಳಲ್ಲಿ ಮದುವೆಯಾಯಿತು, ಕಂಪನಿ ಮುಚ್ಚಿತು. ಗಂಡ ಹೊರಗೆ ಹಾಡಲು ಬಿಡಲಿಲ್ಲ. ಆದರೆ ಬಂದವರಿಗೆಲ್ಲ ಆ ಪ್ಲೇಟು ಹಚ್ಚಿ, “ಇದು ನಮ್ಮಾಕಿ” ಎಂದು ಹೆಮ್ಮೆಪಡುತ್ತಿದ್ದರು. ಮೂರು ವರ್ಷದ ಹಿಂದೆ ಗಂಗಾಂಬಿಕಾ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ, ‘ಬ್ಯಾಡ’. ಹಸಿವಾದರೂ ಬ್ಯಾಡ, ಹೊಟ್ಟೆ ತುಂಬಿದರೂ ಬ್ಯಾಡ, ಮೊಮ್ಮಗಳನ್ನು ಕಂಡರೂ ಬ್ಯಾಡ. ಅಂದಿನಿಂದ ಸಾವಕಾರರು ದಿನವೂ ಪೂಜೆ ಮುಗಿಸಿ ಆ ಪ್ಲೇಟು ಹಚ್ಚತೊಡಗಿದರು. ಪಡಸಾಲೆಯ ಮಂಚದಲ್ಲಿ ಮಲಗಿದ ಹೆಂಡತಿ ತಮ್ಮ ದನಿಗೆ ತಾವೇ ಎಡಗೈ ಬೆರಳಿನಿಂದ ತಾಳ ಹಾಕುತ್ತಿದ್ದರು.

ಹೋದ ವರ್ಷದ ಯುಗಾದಿ ಆದ ಎರಡನೆಯ ಭಾನುವಾರ ಸಾವಕಾರರು ದಾಕ್ಷಾಯಿಣಿಯನ್ನು ಕರೆಸಿದರು. ಜರ್ಮನಿಯಿಂದ ಅಳತೆಯ ಹೊಸ ಸಾಧನ ಬಂದಿತ್ತು. ಮರದ ಪೆಟ್ಟಿಗೆ, ಒಳಗೆ ಮಖಮಲ್ಲು, ಅದರ ಮೇಲೆ ಹೊಳೆಯುವ ಉಕ್ಕಿನ ಪಟ್ಟಿ. ಪಟ್ಟಿಯ ಮೇಲೆ ಬಿಲ್ಲಿನಂಥ ಬಾಗಿದ ಗೆರೆ. ಜೊತೆಗೆ ಮುಳ್ಳಿನ ಭಾರ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಬಂದ ಹನ್ನೆರಡು ಜನರೂ ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು.

ದಾಕ್ಷಾಯಿಣಿ ಪಟ್ಟಿಯನ್ನು ಪ್ಲೇಯರಿನ ಮೇಲಿಟ್ಟಳು. ತನ್ನ ಸ್ಕೇಲು ತೆಗೆದು ನಡುಗಡ್ಡಿಯಿಂದ ಕೈ ತಿರುಗುವ ಬುಡದವರೆಗೆ ಅಳೆದಳು. ಎರಡು ಸಲ ಅಳೆದಳು. ತಕ್ಕಡಿಯ ಮೇಲೆ ಅಕ್ಕಸಾಲಿಗನ ಮೂರು ಗ್ರಾಮಿನ ಬೊಟ್ಟು ಇಟ್ಟಳು. ತಕ್ಕಡಿ ಎರಡು ಎಂದು ತೋರಿಸಿತು.

“ಸಾವಕಾರ್ರ, ಈ ಪಟ್ಟಿ ನಿಮ್ಮ ಪ್ಲೇಯರಿನ ಅಳತೀದಲ್ರಿ,” ಎಂದಳು. “ಇದು ಉದ್ದನ್ನ ಕೈಗೆ ಮಾಡಿದ್ದು. ನಿಮ್ಮದು ಏಳು ಮಿಲಿಮೀಟರು ಗಿಡ್ಡ ಐತಿ. ಚಪ್ಪಲಿ ಎಷ್ಟು ಚಂದ ಇದ್ರೂ ಬ್ಯಾರೆಯವರ ಕಾಲಿಂದು. ತಕ್ಕಡೀನೂ ಕಡಿಮಿ ತೋರ್ಸಾಕತ್ತೈತಿ. ಇದನ್ನ ನಂಬಿದ್ರ ಭಾರ ಹೆಚ್ಚಾಗಿ ಪ್ಲೇಟು ಹಾಳಾಗ್ತಾವು. ನನ್ನ ಕನ್ನಡೀಲೆ ಕೂಡಿಸ್ತೀನ್ರಿ.”

ಸಾವಕಾರರ ಮುಖ ಕೆಂಪೇರಿತು, ಆಮೇಲೆ ನಗೆ ಬಂತು. ಆ ನಗೆ ಬಂದರೆ ಮುಂದೆ ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

“ಕೇಳಿದ್ರ್ಯಾ? ಜರ್ಮನಿಯವರು ಸೊಟ್ಟ ಅಂತ, ನಮ್ಮ ದಾಕ್ಷಾಯಿಣಿ ನೆಟ್ಟಗ ಅಂತ! ಏನವಾ, ನಿನ್ನ ಒಂದು ಕಣ್ಣು ಶಿರಸಿಗೆ ನೋಡತೈತಿ, ಇನ್ನೊಂದು ಸಿದ್ದಾಪುರಕ್ಕ ಬಸ್ಸು ಹತ್ತೈತಿ. ನೀ ನನಗ ನೆಟ್ಟಗ ಯಾವುದು ಅಂತ ಹೇಳಾಕ ಬಂದಿ?”

ಜನ ನಕ್ಕರು. ನಾಗಪತಿ ಮಾಸ್ತರರೂ ಅಲ್ಲಿದ್ದರು. ತಾವೂ ನಕ್ಕದ್ದನ್ನು ಅವರು ನನ್ನೆದುರು ಒಪ್ಪಿಕೊಂಡರು. ಸಾವಕಾರರು ಅವಳ ಚೀಲದಿಂದ ಕನ್ನಡಿ ಎತ್ತಿಕೊಂಡರು. “ಇದು ಅಳತೀ ಸಾಮಾನಂತ! ಕುಂಕುಮ ಇಟ್ಕೊಳ್ಳೋ ಕನ್ನಡಿ. ಇಟ್ಟು ತೋರಿಸ್ಕೊಳ್ಳಾಕ ಗಂಡನರ ಬೇಕಲ್ಲವಾ” ಎಂದು ಮೇಜಿನ ಮೇಲೆ ಬಿಸಾಡಿದರು. ಕನ್ನಡಿ ಜಾರಿ, ನೆಲಕ್ಕೆ ಬಿದ್ದು ಮೂರು ಚೂರಾಯಿತು. ಮಂಚದ ಮೇಲಿನಿಂದ ಗಂಗಾಂಬಿಕಾ “ಬ್ಯಾಡ” ಎಂದರು. ಅವರು ಯಾವಾಗಲೂ ಅನ್ನುವುದು ಅದನ್ನೇ ಆದ್ದರಿಂದ ಯಾರೂ ತಿರುಗಿ ನೋಡಲಿಲ್ಲ.

“ಈಗ ನಾ ಹೇಳಿದಂಗ ಕೂಡ್ಸು” ಎಂದರು ಸಾವಕಾರರು.

ದಾಕ್ಷಾಯಿಣಿ ಕೂರಿಸಿದಳು. ಉಕ್ಕಿನ ಪಟ್ಟಿಯ ಗೆರೆಗೆ ಮುಳ್ಳನ್ನು ತಂದಳು, ತಕ್ಕಡಿಯಲ್ಲಿ ಬೇಕಾದ ಎರಡು ಗ್ರಾಮು ಬರುವ ತನಕ ಭಾರ ಏರಿಸಿದಳು, ಅಂದರೆ ನಿಜವಾಗಿ ಮೂರು. ಚೂರುಗಳನ್ನು ಸೆರಗಿನಲ್ಲಿ ಆಯ್ದುಕೊಂಡು ಹೊರಟಳು. ಆ ದಿನ ಅವಳಿಗೆ ಅಳು ಬರಲಿಲ್ಲವಂತೆ. 

ಇಲ್ಲಿಗೆ ನಿಂತಿದ್ದರೆ ತಪ್ಪೆಲ್ಲ ಸಾವಕಾರರದೇ ಆಗುತ್ತಿತ್ತು. ಅವಳು ಹೇಳಿದ್ದಳು, ಅವರು ಕೇಳಲಿಲ್ಲ. ಆದರೆ ಎರಡು ತಿಂಗಳಿಗೊಮ್ಮೆ ಮುಳ್ಳು ನೋಡಿ ಹೋಗುವುದು ಆರು ವರ್ಷದ ರೂಢಿ. ಜ್ಯೇಷ್ಠದಲ್ಲಿ ಅವರು ಮತ್ತೆ ಕರೆದರು. ಅವಮಾನ ಮಾಡಿದ್ದು ಅವರಿಗೆ ನೆನಪೇ ಇದ್ದಂತಿರಲಿಲ್ಲ. ಅವಳು ಹೋದಳು. ಭೂತಗನ್ನಡಿಯಲ್ಲಿ ನೋಡಿದರೆ ಮುಳ್ಳಿನ ಒಂದು ಬದಿ ಚಪ್ಪಟೆಯಾಗತೊಡಗಿತ್ತು. ಓರೆಯಾಗಿ, ಹೆಚ್ಚಿನ ಭಾರದಲ್ಲಿ ಓಡಿ ಓಡಿ ವಜ್ರದ ದುಂಡು ತುದಿಗೆ ಅಂಚು ಬಂದಿತ್ತು. ಅಂಚು ಬಂದ ಮುಳ್ಳು ಗೆರೆಯನ್ನು ಓದುವುದಿಲ್ಲ, ಕೆತ್ತುತ್ತದೆ.

“ಹೆಂಗೈತಿ?” ಎಂದರು ಸಾವಕಾರರು.

“ಸರಿ ಐತ್ರಿ” ಎಂದಳು ದಾಕ್ಷಾಯಿಣಿ.

ಅಂಗಡಿಗೆ ಬರುವ ದಾರಿಯಲ್ಲಿ ಅವಳಿಗೆ ಸುಖವಾಯಿತು. ಅದನ್ನವಳು ನನ್ನಿಂದ ಮುಚ್ಚಿಡಲಿಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ಮಜ್ಜಿಗೆ ಕೊಟ್ಟಂತೆ ಆಯಿತಂತೆ. ಒಂದೊಂದು ದಿನ ಒಂದೊಂದು ಪ್ಲೇಟು ಎಂದು ಮನಸ್ಸಿನಲ್ಲಿ ಎಣಿಸಿದಳಂತೆ. ಅವರು ಮುಂಬಯಿಯಿಂದ ತಂದದ್ದು, ಕೊಲ್ಹಾಪುರದಲ್ಲಿ ಹುಡುಕಿ ತಂದದ್ದು, ಯಾರಿಗೂ ಮುಟ್ಟಲು ಕೊಡದ್ದು, ಎಲ್ಲದರ ಮೇಲೂ ಆ ಅಂಚು ಹಾಯುತ್ತಿರುತ್ತದೆ. ಮತ್ತು ಅದನ್ನು ಹಾಯಿಸುವ ಕೈ ಅವರದೇ.

ಶ್ರಾವಣದಲ್ಲಿ ಎರಡನೆಯ ಸಲ ಹೋದಳು. ಮುಳ್ಳಿನ ಅಂಚು ಮೊದಲಿಗಿಂತ ಹರಿತವಾಗಿತ್ತು. “ಸರಿ ಐತ್ರಿ” ಎಂದಳು.

ಮೂರನೆಯ ಸಲ ದೀಪಾವಳಿಯ ಮುಂಚೆ ಹೋದಾಗ ಪ್ಲೇಯರಿನ ಮೇಲೆ ಗಂಗಾಂಬಿಕಾ ಅವರ ಪ್ಲೇಟೇ ತಿರುಗುತ್ತಿತ್ತು. ವಚನದ ಎರಡನೆಯ ಸಾಲಿನಲ್ಲಿ ದನಿ ಏರುವ ಕಡೆ ಸಣ್ಣಗೆ ಒಡೆಯಿತು. ಸಾವಕಾರರ ಕಿವಿಗೆ ಅದು ಬೀಳಲಿಲ್ಲ, ವಯಸ್ಸಾದವರಿಗೆ ಏರುದನಿ ಮೊದಲು ಕೈಬಿಡುತ್ತದೆ. ಮಂಚದ ಮೇಲಿದ್ದವರಿಗೆ ಬಿತ್ತು. ಗಂಗಾಂಬಿಕಾ ಎಡಗೈಯಿಂದ ಮಂಚದ ಕಟ್ಟನ್ನು ಬಡಿದರು. “ಬ್ಯಾಡ! ಬ್ಯಾಡ!”

“ಈಗೀಗ ಹಿಂಗ ಮಾಡ್ತಾಳ,” ಎಂದರು ಸಾವಕಾರರು, “ತನ್ನ ಹಾಡು ತನಗ ಬ್ಯಾಡಾಗೇತಿ. ಬುದ್ಧಿ ಹೊಂಟೈತಿ.” ಮಂಚದ ಹತ್ತಿರ ಹೋಗಿ ಆ ಕೈಯನ್ನು ಹಿಡಿದು ಒತ್ತಿ, ಮಗುವಿಗೆ ಹೊಡೆದಂತೆ ಅದರ ಮೇಲೆ ಒಂದು ಏಟು ಹಾಕಿದರು. “ಸುಮ್ನ ಕೇಳು!”

ಗಂಗಾಂಬಿಕಾ ಗಂಡನನ್ನು ನೋಡಲಿಲ್ಲ. ದಾಕ್ಷಾಯಿಣಿಯನ್ನು ನೋಡಿದರು. ಆ ಮನೆಯಲ್ಲಿ ದನಿಯ ಒಡಕು ತಿಳಿಯಬಲ್ಲ ಇನ್ನೊಬ್ಬಳು ಇವಳೇ ಎಂದು ಅವರಿಗೆ ಗೊತ್ತಿತ್ತು. ಬೆರಳೆತ್ತಿ ಪ್ಲೇಯರನ್ನು ತೋರಿಸಿದರು. “ಬ್ಯಾಡ” ಎಂದರು, ಈ ಸಲ ಮೆಲ್ಲಗೆ, ಕೇಳಿಕೊಳ್ಳುವಂತೆ.

“ನೋಡವಾ, ಮುಳ್ಳಿಂದೇನರ ತಕರಾರು ಐತೇನು?” ಎಂದರು ಸಾವಕಾರರು.

ದಾಕ್ಷಾಯಿಣಿ ಭೂತಗನ್ನಡಿ ಹಿಡಿದಳು. ಅದು ಈಗ ಮುಳ್ಳಲ್ಲ, ಉಳಿಯ ಬಾಯಿಯಾಗಿತ್ತು. ಆ ಪ್ಲೇಟನ್ನು ಆಗಲಾದರೂ ಎತ್ತಿಟ್ಟಿದ್ದರೆ ಅರ್ಧಕ್ಕಿಂತ ಹೆಚ್ಚು ದನಿ ಉಳಿಯುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ತನ್ನನ್ನೇ ನೋಡುತ್ತಿದ್ದ, ತನಗೆ ಅನ್ನ ಬಡಿಸಿದ್ದ ಹೆಂಗಸಿನ ಎದುರು ನಿಂತು ಅವಳು ಹೇಳಿದಳು, “ಏನಿಲ್ರಿ. ಸರಿ ಐತ್ರಿ. ಅಕ್ಕಾರಿಗೇ ಕಿವಿ ಮಂದ ಆಗಿರಬೇಕು.”

ಆ ಕೊನೆಯ ಮಾತು ಯಾಕೆ ಬಂತು ಎಂದು ನಾನು ಕೇಳಿದೆ. “ಬಂತು” ಎಂದಳು.

ಮಾರ್ಗಶಿರದಲ್ಲಿ, ಅವಳು ನಾಲ್ಕನೆಯ ಸಲ ಹೋಗುವ ಮೊದಲೇ, ಗುಟ್ಟು ಹೊರಬಿತ್ತು. ನಾಗಪತಿ ಮಾಸ್ತರರು ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ ಮಂಚಿಕೇರಿಯ ತಮ್ಮ ಮನೆಯಲ್ಲಿದ್ದವರು. ಸಾವಕಾರರಿಂದ ಮೂರು ಪ್ಲೇಟುಗಳನ್ನು ಕೇಳಲೆಂದು ಒಯ್ದಿದ್ದರು. ಅವರ ಪ್ಲೇಯರನ್ನು ದಾಕ್ಷಾಯಿಣಿಯೇ ಕನ್ನಡಿಯಿಂದ ಕೂರಿಸಿಕೊಟ್ಟಿದ್ದಳು, ಅದರಲ್ಲಿ ದನಿ ಒಡೆಯಬಾರದು. ಮೂರೂ ಪ್ಲೇಟಿನ ದನಿ ಒಡೆಯಿತು. ಮಾರನೆಯ ದಿನವೇ ಭೂತಗನ್ನಡಿ ಹಿಡಿದುಕೊಂಡು ಶಿರಸಿಗೆ ಬಂದು ಸಾವಕಾರರ ಮುಳ್ಳನ್ನು ನೋಡಿದರು.

“ಎಂತ ಮಾರಾಯ್ರೆ ಇದು! ಮುಳ್ಳಲ್ಲ, ಉಳಿ,” ಎಂದರು. “ಎಷ್ಟು ದಿನದಿಂದ ಇದರಲ್ಲಿ ಹಚ್ತಾ ಇದ್ದೀರಿ?”

ಇಬ್ಬರೂ ಸೇರಿ ಒಂದೊಂದೇ ಪ್ಲೇಟು ತೆಗೆದು ಬೆಳಕಿಗೆ ಹಿಡಿದರು. ಹೊಳೆಯಬೇಕಾದ ಕಪ್ಪು ಬೂದು ತಿರುಗಿತ್ತು. ಸಾವಕಾರರು ಅಚ್ಚುಮೆಚ್ಚಿನವು ಎಂದು ಮೇಲಿನ ಸಾಲಿನಲ್ಲಿಟ್ಟಿದ್ದ ನೂರಾರು ಪ್ಲೇಟುಗಳು ಹಾಗಿದ್ದವು. ಎಲ್ಲಕ್ಕಿಂತ ಬೂದಾಗಿದ್ದದ್ದು ದಿನಾ ಹಚ್ಚಿದ ಆ ಚಿಕ್ಕದು.

“ಇದನ್ನ ಮೊಬೈಲಿನಲ್ಲಾದ್ರೂ ತುಂಬಿಸಿ ಇಟ್ಟಿದ್ರಾ?” ಎಂದು ಮಾಸ್ತರರು ಕೇಳಿದರು.

ಸಾವಕಾರರು ತಲೆ ಅಲ್ಲಾಡಿಸಿದರು. ಮಗಳು ಎಷ್ಟೋ ಸಲ ಕೇಳಿದ್ದಳು. ಒಮ್ಮೆ ಮೊಬೈಲಿಗೆ ಹೋದರೆ ಹೆಂಡತಿಯ ದನಿ ಬೀದಿಗೆ ಬೀಳುತ್ತದೆಂದು ಅವರು ಬಿಟ್ಟಿರಲಿಲ್ಲ.

ದಾಕ್ಷಾಯಿಣಿಯನ್ನು ಕರೆಸಿದರು. ಅವಳು ಬಾಗಿಲಲ್ಲಿ ನಿಂತಳು. ಸಾವಕಾರರು ಕುರ್ಚಿಯಲ್ಲಿ ಕೂತಿದ್ದರು, ಹೆಂಡತಿಯ ಪ್ಲೇಟು ತೊಡೆಯ ಮೇಲೆ.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಯಾವಾಗಿಂದ?”

“ಜೇಷ್ಠದಿಂದ. ಮೊದಲನೇ ದಿನ ಹೇಳಿದ್ನಿರಿ. ಆಮ್ಯಾಲ ಹೇಳಲಿಲ್ಲ.”

“ನಾ ನಿನ್ನ ಕಣ್ಣಿಂದು ಚ್ಯಾಷ್ಟಿ ಮಾಡಿದ್ದಕ್ಕ?”

“ಹೌದ್ರಿ.”

“ಅಷ್ಟಕ್ಕ?”

“ನಿಮಗ ಅದು ಅಷ್ಟ ರೀ” ಎಂದಳು ದಾಕ್ಷಾಯಿಣಿ.

ಸಾವಕಾರರು ಎದ್ದು ಹೊಡೆಯುತ್ತಾರೆಂದು ಮಾಸ್ತರರು ನಡುವೆ ಬಂದು ನಿಂತರಂತೆ. ಅವರು ಏಳಲಿಲ್ಲ. ಅವಳು ಚೀಲದಿಂದ ಹೊಸ ಮುಳ್ಳು ತೆಗೆದು, ಯಾರನ್ನೂ ಕೇಳದೆ, ಹಳೆಯದನ್ನು ಬಿಚ್ಚಿ, ಹೊಸದಾಗಿ ಕೆರೆದ ಕನ್ನಡಿಯಿಟ್ಟು ಸರಿಯಾಗಿ ಕೂರಿಸಿದಳು. ಆ ಪ್ಲೇಟು ಹಚ್ಚಿದಳು. ಬಂದದ್ದು ಹರಿದ ತಮಟೆಯ ಹಿಂದೆ ಯಾರೋ ಕೂಗುವಂಥ ದನಿ. ಮಾತುಗಳೂ ತಿಳಿಯುತ್ತಿರಲಿಲ್ಲ. ಮಂಚದ ಮೇಲೆ ಗಂಗಾಂಬಿಕಾ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. ಬೆರಳು ಅಲ್ಲಾಡಲಿಲ್ಲ.

ಅಂದಿನಿಂದ ಅವಳು ಆ ಪ್ಲೇಟಿನ ಇನ್ನೊಂದು ಪ್ರತಿ ಹುಡುಕಲು ಹೊರಟಳು. ಅಂಗಡಿಗೆ ಬಾಗಿಲು ಹಾಕಿ ಬನವಾಸಿ, ಹಾನಗಲ್ಲು, ಹುಬ್ಬಳ್ಳಿಯ ಗುಜರಿಗಳು, ಪ್ಲೇಯರ್ ಇರುವ ಎಲ್ಲ ಮನೆಗಳನ್ನು ಸುತ್ತಿದಳು. ನನ್ನ ಮನೆಗೂ ಬಂದಿದ್ದಳು. ಯಾಕೆಂದು ಆಗ ಹೇಳಲಿಲ್ಲ. ಕೊನೆಗೆ ಯಲ್ಲಾಪುರದ ಪೇಟೆಯಲ್ಲಿ ಹಳೆಸಾಮಾನಿನವನೊಬ್ಬ ನೆನಪು ಮಾಡಿಕೊಂಡು, ಅಂಥದೊಂದು ಚಿಕ್ಕ ಪ್ಲೇಟನ್ನು ಮಾಗೋಡಿನ ಕಡೆ ಹೋಂಸ್ಟೇ ನಡೆಸುವ ತನುಜಾ ಎಂಬವಳು ಇನ್ನಷ್ಟು ಪ್ಲೇಟುಗಳ ಜೊತೆ ಒಯ್ದಳೆಂದು ಹೇಳಿದ.

ತನುಜಾ ನಗುಮುಖದ ಹುಡುಗಿ. “ಇದೆ ಅಕ್ಕಾ, ಬನ್ನಿ” ಎಂದು ಊಟದ ಕೋಣೆಗೆ ಕರೆದೊಯ್ದಳು. ಗೋಡೆಯ ಮೇಲೆ ಪ್ಲೇಟುಗಳಿಗೆ ಮುಳ್ಳು ಕೂರಿಸಿ ಗಡಿಯಾರ ಮಾಡಿದ್ದರು. ಮೇಜಿನ ಮೇಲೆ ಇನ್ನು ಕೆಲವನ್ನು ಬಿಸಿನೀರಿನಲ್ಲಿ ಅದ್ದಿ, ಬೋಗುಣಿಯ ಮೇಲೆ ಒತ್ತಿ, ಅಂಚು ಮಡಿಸಿ ಬಟ್ಟಲು ಮಾಡಿದ್ದರು. ಒಂದು ಪುಟ್ಟ ಬಟ್ಟಲಲ್ಲಿ ಹುರಿದ ಶೇಂಗಾ ಇತ್ತು. ತನುಜಾ ಶೇಂಗಾವನ್ನು ಬೇರೆ ತಟ್ಟೆಗೆ ಸುರಿದು ಅದನ್ನು ಒರೆಸಿ ಕೊಟ್ಟಳು. ತಳದ ಕೆಂಪು ಕಾಗದದ ಮೇಲೆ ಉಪ್ಪಿನ ಕಲೆಯ ನಡುವೆ ಗಂಗಾಂಬಿಕಾ ಎಂಬ ಹೆಸರು ಓದಲು ಬರುತ್ತಿತ್ತು.

“ನಾವೇ ಮಾಡಿದ್ದು, ಚಂದ ಬಂದಿದ್ಯಲ್ಲ? ಎಂತಕ್ಕೆ ಬೇಕಿತ್ತು ಅಕ್ಕಾ?”

“ಏನಿಲ್ಲವಾ,” ಎಂದಳು ದಾಕ್ಷಾಯಿಣಿ. “ನೋಡಾಕ.”

ಅವಳು ಮಾರನೆಯ ದಿನ ಸಾವಕಾರರು ಮಠಕ್ಕೆ ಹೋದ ಹೊತ್ತು ನೋಡಿ ಗಂಗಾಂಬಿಕಾ ಅವರ ಹತ್ತಿರ ಹೋದಳು. ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಮೂರು ಸಲವೂ ಸುಳ್ಳು ಹೇಳಿದ್ದು, ಕಿವಿ ಮಂದ ಎಂದದ್ದು, ಬಟ್ಟಲಾಗಿದ್ದ ಇನ್ನೊಂದು ಪ್ರತಿ, ಎಲ್ಲ. “ನಿಮ್ಮ ಕೈಯ್ಯಾಗ ಉಂಡಾಕಿ ನಾ. ಬೈರಿ ಅಕ್ಕಾರ, ಹೊಡೀರಿ.” ಗಂಗಾಂಬಿಕಾ ಕೇಳಿಸಿಕೊಂಡರು. ದಾಕ್ಷಾಯಿಣಿ ಕಾಲು ಮುಟ್ಟಲು ಹೋದಾಗ ಆಡುವ ಒಂದೇ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡರು. ಆ ದಿನ ಅವರು ‘ಬ್ಯಾಡ’ ಎಂದೂ ಅನ್ನಲಿಲ್ಲ. ಅಲ್ಲಿಂದ ಮುಂದೆ ಯಾರ ಹತ್ತಿರವೂ ಅನ್ನಲಿಲ್ಲ ಎಂದು ನೋಡಿಕೊಳ್ಳುವ ಹೆಂಗಸು ಆಮೇಲೆ ಹೇಳಿದಳಂತೆ.

ಎರಡು ತಿಂಗಳಿಗೆ ಗಂಗಾಂಬಿಕಾ ತೀರಿಕೊಂಡರು.

ತೀರಿಕೊಂಡವರಿಗಾಗಿ ಮಾಡುವ ಶಿವಗಣಾರಾಧನೆಯ ದಿನ ಮನೆಯೆದುರು ಪೆಂಡಾಲು ಹಾಕಿದ್ದರು. ಊಟಕ್ಕೆ ಮುಂಚೆ ಜನ ಪಡಸಾಲೆಯಲ್ಲಿ ಸೇರಿದ್ದರು. ದಾಕ್ಷಾಯಿಣಿ ಹೋಗಿ ಹೆಂಗಸರ ಹಿಂದೆ, ಕಂಬದ ಮರೆಯಲ್ಲಿ ಕೂತಳು. ಸಾವಕಾರರು ಕಂಡರು.

“ಏ ದಾಕ್ಷಾಯಿಣಿ, ಮುಂದ ಬಾ.”

ಎಲ್ಲರೂ ದಾರಿ ಬಿಟ್ಟರು. ಅವರು ಆ ಚಿಕ್ಕ ಪ್ಲೇಟನ್ನು ಅವಳ ಕೈಗೆ ಕೊಟ್ಟರು. “ನೀನ ಹಚ್ಚು.”

ಅವಳು ಪ್ಲೇಟು ಇಟ್ಟು, ಪ್ಲೇಯರಿನ ಕೈ ಎತ್ತಿ, ಮುಳ್ಳನ್ನು ಮೊದಲ ಗೆರೆಗೆ ಇಳಿಸಿದಳು. ಸಾವಕಾರರು ದನಿ ಪೂರ್ತಿ ಏರಿಸಿದರು. ಕರಕರ ಸದ್ದಿನ ಒಳಗಿಂದ ಒಂದು ಹೆಣ್ಣಿನ ದನಿ ಏಳಲು ಹೆಣಗಿ, ಏಳುವ ಕಡೆಯಲ್ಲೆಲ್ಲ ಸೀಳಿತು. ಹಿಂದೆ ಕೂತ ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಬನವಾಸಿಯಿಂದ ಬಂದಿದ್ದ ಗಂಗಾಂಬಿಕಾರ ತಂಗಿ ಗೌರಕ್ಕ ಮುಂದಿನ ಸಾಲಿನಲ್ಲಿದ್ದಳು. ಅವಳು ಅಕ್ಕನ ಹಾಡು ಕೇಳಿ ನಲವತ್ತು ವರ್ಷವಾಗಿತ್ತು.

“ಇದು ಯಾರ ದನಿ?” ಎಂದಳು ಗೌರಕ್ಕ.

“ಆಕಿನ್ನ ಕೇಳು” ಎಂದು ಸಾವಕಾರರು ದಾಕ್ಷಾಯಿಣಿಯ ಕಡೆ ಬೆರಳು ತೋರಿಸಿದರು. “ಹೇಳವಾ. ಎಲ್ಲಾರಿಗೂ ಕೇಳೂಹಂಗ ಹೇಳು.”

“ಗಂಗಾಂಬಿಕಾ ಅಕ್ಕಾರದ್ದು” ಎಂದಳು ದಾಕ್ಷಾಯಿಣಿ.

ಗೌರಕ್ಕ ಇನ್ನಷ್ಟು ಹೊತ್ತು ಕಿವಿಗೊಟ್ಟಳು. ಆಮೇಲೆ ತಲೆ ಅಲ್ಲಾಡಿಸಿದಳು. “ಅಲ್ಲ ಬಿಡ್ರಿ. ನಮ್ಮಕ್ಕ ಹಿಂಗ ಹಾಡ್ತಿದ್ದಿಲ್ಲ. ಯಾರದೋ ಹಚ್ಚೀರಿ. ತೆಗೀರಿ ಅತ್ಲಾಗ, ಸತ್ತಾಕಿ ಮನಿಯಾಗ ಇದೇನು ಅಪಸ್ವರ.”

ಯಾರೂ ತೆಗೆಯಲಿಲ್ಲ. ಎರಡೂ ಬದಿ ಮುಗಿಯುವವರೆಗೆ ಸಾವಕಾರರು ಅವಳನ್ನು ಅಲ್ಲೇ ನಿಲ್ಲಿಸಿಕೊಂಡರು.

ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಅವರಿಂದ ಫೋನು ಬರತೊಡಗಿತು. ಅವಳು ಹೋಗುತ್ತಾಳೆ. ಮನೆಯಲ್ಲಿ ಈಗ ಮಂಚವಿಲ್ಲ, ಭಾನುವಾರದ ಜನರೂ ಬರುವುದಿಲ್ಲ. ಸಾವಕಾರರು ಕುರ್ಚಿಯಲ್ಲಿ ಕೂರುತ್ತಾರೆ, ಅವಳು ಪ್ಲೇಟು ಹಚ್ಚುತ್ತಾಳೆ, ಮುಗಿದ ಮೇಲೆ ತಿರುವಿ ಹಚ್ಚುತ್ತಾಳೆ. ಕೂರು ಎಂದು ಅವರು ಹೇಳುವುದಿಲ್ಲ. ಕಣ್ಣಿನ ಮಾತು ಮತ್ತೆ ಆಡಿಲ್ಲ, ಬೇರೆ ಮಾತೂ ಆಡಿಲ್ಲ. ಒಂದು ಸೋಮವಾರ ಮಾತ್ರ ಅವರು, “ಇಲ್ಲಿ ಆಕಿ ಉಸಿರು ತಗೋತಿದ್ಲು. ನಿನಗ ಕೇಳಿಸ್ತೇನು?” ಎಂದರಂತೆ. ಅವಳಿಗೆ ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಎಂದೇ ಹೇಳಿದಳು.

ಯಾಕೆ ಹೋಗುತ್ತೀರಿ, ಫೋನು ಎತ್ತದೆ ಇದ್ದರೆ ಆಯಿತಲ್ಲ ಎಂದು ನಾನು ಕೇಳಿದೆ. ನನ್ನ ಪ್ಲೇಯರಿನ ಮುಳ್ಳು ನೋಡುತ್ತಿದ್ದವಳು ಒಂದು ಕಣ್ಣು ಮುಚ್ಚಿಕೊಂಡೇ, “ಎತ್ತಲಿಲ್ಲಂದ್ರ ಆತ ತಾನ ಹಚ್ಚತಾನ್ರಿ. ಕೈ ನಡಗ್ತಾವು ಆತಂದು, ಇದ್ದಷ್ಟೂ ಹೋಗತೈತಿ” ಎಂದಳು. ಆಮೇಲೆ ನನ್ನ ಮುಳ್ಳು ಸವೆದಿದೆ, ಬೇರೆ ಹಾಕಿಸುವ ತನಕ ಮನೆಯಲ್ಲಿ ಒಂದು ಪ್ಲೇಟನ್ನೂ ಹಚ್ಚಬೇಡಿ ಎಂದು ಎರಡೆರಡು ಸಲ ಹೇಳಿ, ಗಿರಣಿಯವನ ಮಿಕ್ಸಿ ಬಿಚ್ಚಲು ಕೂತಳು.